ಕಂಡೂ ಕಾಣದಂತೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಚಿಕ್ಕ ಪೇಟೆಗಳು. ಶೃಂಗೇರಿಯವರು ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗೆ ಹೊರಟರೆ ಕೊಪ್ಪವನ್ನು ಹಾದು ಹೋಗುವುದೇ ರೂಢಿ. ಅಡಿಕೆ ಮಂಡಿ, ತಾಲ್ಲೂಕು ಕಚೇರಿ, ಔಷಧದ ಅಂಗಡಿ, ಸಂತೆ, ಎಲ್ಲಿಗೆ ಹೋದರೂ ಅವೇ ಮುಖಗಳು. ಇಂಥ ಕಡೆ ಒಬ್ಬನನ್ನು ತಪ್ಪಿಸಿಕೊಂಡು ಬಾಳುವುದು ಬಲು ಕಷ್ಟ. ಆದರೂ ಮನುಷ್ಯನು ಪ್ರಯತ್ನವನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಛತ್ರಿಯನ್ನು ಆ ಬದಿಗೆ ವಾಲಿಸಿದರೆ ಸಾಕು; ಬೇಸಿಗೆಯಲ್ಲಿ ಮೊಬೈಲನ್ನು ಕಿವಿಗೊತ್ತಿಕೊಂಡು, ಬಾರದ ಕರೆಗೆ ಉತ್ತರ ಹೇಳುತ್ತ ಓಣಿಗೆ ತಿರುಗುತ್ತಾನೆ.

ಇದೇನು ಮಹಾ ವಿಷಯವೆಂದು ಕೆಲವರು ನಗಬಹುದು. ಈರ್ಯಾ ಸಮಿತಿಯನ್ನು ಪಾಲಿಸುವ ಮುನಿಯೂ ನಾಲ್ಕು ಮೊಳ ಮುಂದಿನ ನೆಲವನ್ನೇ ನೋಡುತ್ತ ನಡೆಯುತ್ತಾರೆ. ಪರಿಚಿತನನ್ನು ಕಂಡ ಗೃಹಸ್ಥನೂ ನೆಲವನ್ನೇ ನೋಡುತ್ತಾನೆ. ದೃಷ್ಟಿ ಎರಡರಲ್ಲಿಯೂ ಕೆಳಗೇ ಇದೆ. ಒಬ್ಬರದು ಇರುವೆಯನ್ನು ಉಳಿಸಲು, ಇನ್ನೊಬ್ಬನದು ತನ್ನನ್ನು ಉಳಿಸಿಕೊಳ್ಳಲು. ಪರಿಣಾಮ ಬೇರೆಯಾದ ಮೇಲೆ ಕರ್ಮದ ಲೆಕ್ಕವೂ ಬೇರೆ.

ಲೆಕ್ಕವೆಂದರೆ ಲೆಕ್ಕವೇ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವಾಧಿಕರಣವನ್ನು ವಿಂಗಡಿಸಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂದು 3, ಮನ, ವಚನ, ಕಾಯಗಳಿಂದ 3, ಕೃತ, ಕಾರಿತ, ಅನುಮತಗಳಿಂದ 3, ಕಷಾಯಗಳು 4, ಗುಣಿಸಿದರೆ 108. ದೂರದಿಂದಲೇ ಕಂಡು ತಪ್ಪಿಸಿಕೊಳ್ಳಬೇಕೆಂದು ನಿಶ್ಚಯಿಸುವುದು ಸಂರಂಭ. ಮೊಬೈಲಿಗಾಗಿ ಜೇಬಿಗೆ ಕೈ ಹಾಕುವುದು ಸಮಾರಂಭ. ಓಣಿಗೆ ತಿರುಗುವುದು ಆರಂಭ. ಅಂಗಡಿಯ ಹುಡುಗನಿಂದ "ಸಾಹುಕಾರರು ಇಲ್ಲ" ಎಂದು ಹೇಳಿಸಿದರೆ ಅದು ಕಾರಿತ. ಹತ್ತು ಹೆಜ್ಜೆಯ ದಾರಿಯಲ್ಲಿ ಎಷ್ಟು ಬಾಗಿಲುಗಳು ತೆರೆದುಕೊಳ್ಳುತ್ತವೆ!

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಕೊಳೆರೋಗದಿಂದ ಫಸಲು ಕಳೆದುಕೊಂಡ ಬೆಳೆಗಾರನೊಬ್ಬನು ವರ್ತಕನಿಂದ ಮುಂಗಡ ಪಡೆದಿದ್ದಾನೆ. ರಾಶಿ ಅಡಿಕೆ ಕೊಡುವೆನೆಂದ ಗಡುವು ಮೀರಿದೆ. ಇಬ್ಬರೂ ಕೊಪ್ಪದ ಬಸ್ ನಿಲ್ದಾಣದಲ್ಲಿ ಎದುರಾಗುತ್ತಾರೆ. ಬೆಳೆಗಾರನು ಮುಖ ತಿರುಗಿಸಿದರೆ ಅದು ಮಾನ ಮತ್ತು ಮಾಯೆ. ಆರ್ಜವ ಧರ್ಮಕ್ಕೆ ಅದು ಕುಂದು, ಇಲ್ಲಿ ಸಂದೇಹವಿಲ್ಲ.

ಕಷ್ಟವಿರುವುದು ವರ್ತಕನ ಕಡೆ. ಅವನು ಒಳ್ಳೆಯವನು. ಆತನಿಗೆ ಮುಜುಗರವಾಗದಿರಲೆಂದು ತಾನೇ ಮುಖ ತಿರುಗಿಸುತ್ತಾನೆ. ಇದು ದಯೆಯೋ ಮಾಯೆಯೋ? ಅನೇಕರು ದಯೆಯೆನ್ನುತ್ತಾರೆ. ಆದರೆ ಬೆಳೆಗಾರನಿಗೆ ವರ್ತಕನ ಮನಸ್ಸು ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. "ಇವರು ನನ್ನನ್ನು ಮಾತನಾಡಿಸಲೂ ಯೋಗ್ಯನಲ್ಲವೆಂದು ಬಗೆದರು" ಎಂದುಕೊಂಡು ಅವನು ಮನೆಗೆ ಹೋಗುತ್ತಾನೆ. ದಯೆ ಹೊರಟಿತು, ತಲಪಿದ್ದು ತಿರಸ್ಕಾರ. ಹಾಗೆಂದು ನಾಲ್ಕು ಜನರ ನಡುವೆ "ಬಾಕಿ ಏನಾಯಿತು?" ಎಂದು ಕೇಳುವುದೂ ಸಲ್ಲದು. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಶ್ರಾವಕನು ಆಡಬಾರದೆಂದು ರತ್ನಕರಂಡಕದಲ್ಲಿ ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಬಾಕಿಯ ವಿಷಯದಲ್ಲಿ ಮೌನವಿರಲಿ. ಆದರೆ ಕಂಡದ್ದನ್ನು ಕಾಣಲಿಲ್ಲವೆನ್ನುವ ನಟನೆ ಬೇಡ. "ಏನು ಗೌಡರೇ, ಮಳೆ ಹೇಗಿದೆ ನಿಮ್ಮ ಕಡೆ?" ಎಂದರೆ ಯಾವ ವ್ರತವೂ ಕೆಡುವುದಿಲ್ಲ.

ಬಸದಿಯಲ್ಲಿ ತಪ್ಪಿಸಿಕೊಳ್ಳುವುದು ಸುಲಭ. ಪ್ರದಕ್ಷಿಣೆಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ನಡೆಯುವುದರಿಂದ ತುಸು ನಿಧಾನ ಮಾಡಿದರೆ ಮುಂದಿನವರ ಮುಖ ನೋಡಬೇಕಾಗಿಲ್ಲ. ದಶಲಕ್ಷಣ ಪರ್ವದ ಹತ್ತು ದಿನಗಳೂ ಹೀಗೆ ಸುತ್ತಿ, ಕ್ಷಮಾವಣಿಯಂದು ಮುಂಬಯಿಯ ಬಂಧುಗಳಿಗೆ, ಕಾಣದ ಊರಿನ ವ್ಯಾಪಾರಿಗಳಿಗೆ ಒಂದೇ ಸಂದೇಶವನ್ನು ನೂರು ಮಂದಿಗೆ ರವಾನಿಸುವವರಿದ್ದಾರೆ. ನಿಜವಾಗಿ ಮನನೊಂದವನು ಅದೇ ಬೀದಿಯ ಮೂರನೆಯ ಮನೆಯಲ್ಲಿದ್ದಾನೆ. ಅವನ ಸಂಖ್ಯೆ ಆ ಪಟ್ಟಿಯಲ್ಲಿ ಇರುವುದಿಲ್ಲ. ತಪ್ಪು ಮಾಡಿದವನು ಆಕಸ್ಮಿಕ ಭೇಟಿಗಾಗಿ ಕಾಯದೆ ಆ ಮನೆಗೇ ಹೋಗಬೇಕು. ಹೋದವನಿಗೆ ಮರುದಿನ ಪೇಟೆಯಲ್ಲಿ ಛತ್ರಿ ವಾಲಿಸುವ ಕೆಲಸ ಉಳಿಯದು.

ನಿಲ್ದಾಣದಲ್ಲಿ ಬಿಟ್ಟುಬಂದ ಆ ಇಬ್ಬರ ವಿಷಯ ಇನ್ನೂ ಸ್ವಲ್ಪ ಇದೆ. ನರಸಿಂಹರಾಜಪುರದ ಬಸ್ಸಿನಲ್ಲಿ ಅವರಿಗೆ ಒಂದೇ ಸೀಟು ದೊರೆತು, ನಿರ್ವಾಹಕನು ಬಂದಾಗ ಬೆಳೆಗಾರನು ಇಬ್ಬರ ಟಿಕೆಟ್ಟನ್ನೂ ತಾನೇ ತೆಗೆಯುವೆನೆಂದರೆ, ವರ್ತಕನು ತಡೆಯದಿರುವುದು ಉಚಿತ. ಆ ಹಣವನ್ನು ಬಾಕಿಯಲ್ಲಿ ಕಳೆಯಬಾರದೆಂದು ಬೇರೆ ಹೇಳಬೇಕಾಗಿಲ್ಲ.