ಬರ್ಲಿನ್ನಿನ ಸ್ಮಾರಕಗಳೂ ನೋಡುವವನ ಹೊಣೆಯೂ

ಕಲ್ಲಿನಲ್ಲಿ ಬರೆಯಿಸಿಡುವುದು ಮನುಷ್ಯನ ಬಹು ಹಳೆಯ ಅಭ್ಯಾಸ. ಗೆದ್ದವನು ತನ್ನ ಗೆಲುವನ್ನು, ಕೊಟ್ಟವನು ತನ್ನ ದಾನವನ್ನು, ಕಟ್ಟಿಸಿದವನು ತನ್ನ ಹೆಸರನ್ನು ಕಲ್ಲಿಗೆ ಒಪ್ಪಿಸುತ್ತಾನೆ. ಆದರೆ ತಮ್ಮವರು ಮಾಡಿದ ಅಪರಾಧವನ್ನು ತಮ್ಮ ರಾಜಧಾನಿಯ ನಡುವೆಯೇ, ತಮ್ಮದೇ ವೆಚ್ಚದಲ್ಲಿ, ಮುಂದಿನವರು ಓದಲೆಂದು ಬರೆಯಿಸಿಟ್ಟ ಜನ ವಿರಳ. ಜರ್ಮನಿಯ ರಾಜಧಾನಿಯಾದ ಬರ್ಲಿನ್ ಅಂತಹ ವಿರಳ ನಗರಗಳಲ್ಲಿ ಒಂದು. ಪ್ರತಿವರ್ಷ ಲಕ್ಷಾಂತರ ಜನ ಅಲ್ಲಿಗೆ ಹೋಗಿ ಮುರಿದ ಗೋಡೆಯನ್ನೂ ಹಳೆಯ ಸೆರೆಮನೆಯನ್ನೂ ನೋಡಿ ಬರುತ್ತಾರೆ. ವಿದ್ಯಾಭ್ಯಾಸಕ್ಕೆಂದೂ ಉದ್ಯೋಗಕ್ಕೆಂದೂ ಯೂರೋಪಿಗೆ ಹೋದ ನಮ್ಮ ಮಕ್ಕಳೂ, ಅವರನ್ನು ಕಾಣಲು ಹೋದ ತಂದೆ-ತಾಯಿಗಳೂ ಅವರಲ್ಲಿ ಇದ್ದಾರು. ಅನ್ಯರು ನೊಂದ ಸ್ಥಳವನ್ನು ಪ್ರೇಕ್ಷಣೀಯ ಸ್ಥಳವೆಂದು ನೋಡಿಬರುವುದು ಯುಕ್ತವೇ? ಯುಕ್ತವಾದರೆ ಅದನ್ನು ಹೇಗೆ ನೋಡಬೇಕು? ಈ ಲೇಖನದ ವಿಚಾರ ಇಷ್ಟೇ.

ಮೊದಲು ಸಂಗತಿಗಳನ್ನು ಸಂಕ್ಷೇಪವಾಗಿ ನೆನೆಯೋಣ. 1945ರಲ್ಲಿ ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯನ್ನೂ ಅದರ ರಾಜಧಾನಿಯನ್ನೂ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟಗಳು ಹಂಚಿಕೊಂಡವು. 1949ರಲ್ಲಿ ಆ ದೇಶ ಎರಡು ರಾಷ್ಟ್ರಗಳಾಯಿತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವರನ್ನು ತಡೆಯಲು ಪೂರ್ವ ಜರ್ಮನಿಯ ಸರ್ಕಾರ 1961ರ ಆಗಸ್ಟ್ 13ರಂದು ಗಡಿಯನ್ನು ಮುಚ್ಚಿತು. ಮೊದಲು ಮುಳ್ಳುತಂತಿ, ಬಳಿಕ ಗೋಡೆ. ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದ ಆ ಗಡಿಯ ಉದ್ದ ಸುಮಾರು 155 ಕಿಲೋಮೀಟರ್. 28 ವರ್ಷಗಳಲ್ಲಿ ಕನಿಷ್ಠ 140 ಮಂದಿ ಅಲ್ಲಿ ಪ್ರಾಣ ಕಳೆದುಕೊಂಡರು. 1989ರ ನವೆಂಬರ್ 9ರ ರಾತ್ರಿ ಗಡಿಯ ದ್ವಾರಗಳು ತೆರೆದವು. 1990ರ ಅಕ್ಟೋಬರ್ 3ರಂದು ಎರಡು ರಾಷ್ಟ್ರಗಳು ಒಂದಾದವು. ಗೋಡೆಯ ಬಹುಭಾಗವನ್ನು ಬಹುಬೇಗನೆ ಕೆಡವಲಾಯಿತು. ನೋವುಕೊಟ್ಟ ವಸ್ತು ಕಣ್ಣಿನಿಂದ ಮರೆಯಾಗಲಿ ಎಂದು ಬಯಸುವುದು ಸಹಜವೇ.

ಇಂತಹ ಸ್ಥಳಗಳನ್ನು ಉಳಿಸಿಕೊಳ್ಳುವುದರ ವಿರುದ್ಧ ಎರಡು ಆಕ್ಷೇಪಗಳುಂಟು. ಹಳೆಯ ಗಾಯವನ್ನು ಕೆದಕಿದರೆ ವೈರವು ಉಳಿಯುತ್ತದೆ, ಮರೆವೇ ಶಾಂತಿಗೆ ದಾರಿ ಎಂಬುದು ಮೊದಲನೆಯದು. ಇನ್ನೊಬ್ಬರ ದುಃಖವು ಕಾಲಕ್ರಮದಲ್ಲಿ ವಿನೋದದ ಸರಕಾಗುತ್ತದೆ ಎಂಬುದು ಎರಡನೆಯದು. ಎರಡನೆಯ ಆಕ್ಷೇಪಕ್ಕೆ ಬರ್ಲಿನ್ನಿನಲ್ಲಿಯೇ ನಿದರ್ಶನವಿದೆ. ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿದ್ವಾರದಲ್ಲಿ 1961ರ ಅಕ್ಟೋಬರಿನಲ್ಲಿ ಅಮೆರಿಕದ ಮತ್ತು ಸೋವಿಯತ್ತಿನ ಟ್ಯಾಂಕುಗಳು ಎದುರುಬದುರಾಗಿ ನಿಂತಿದ್ದವು. ಅಲ್ಲಿದ್ದ ಕಾವಲು ಕೋಣೆಯನ್ನು 1990ರಲ್ಲಿ ತೆಗೆದರು. ಈಗ ಅಲ್ಲಿ ಇರುವುದು ಅನಂತರ ನಿಲ್ಲಿಸಿದ ಪ್ರತಿಕೃತಿ. ಸೈನಿಕರ ವೇಷ ತೊಟ್ಟವರು ಅದರ ಮುಂದೆ ಹಣ ಪಡೆದು ಪ್ರವಾಸಿಗಳೊಡನೆ ಛಾಯಾಚಿತ್ರಕ್ಕೆ ನಿಲ್ಲುತ್ತಿದ್ದರು. 2019ರಲ್ಲಿ ನಗರಾಡಳಿತ ಅದನ್ನು ನಿಷೇಧಿಸಬೇಕಾಯಿತು. ಭಯದ ಸ್ಥಳ ವೇಷದ ಸ್ಥಳವಾಗಲು ಮೂವತ್ತು ವರ್ಷಗಳೂ ಬೇಕಾಗಲಿಲ್ಲ. ಆದುದರಿಂದ ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ.

ಆದರೆ ಅದೇ ನಗರದ ಬೆರ್ನೌವರ್ ಬೀದಿಯನ್ನು ನೋಡಿದವರಿಗೆ ಬೇರೊಂದು ಉತ್ತರ ದೊರೆಯುತ್ತದೆ. ಅಲ್ಲಿ ಗಡಿಯು ಮನೆಗಳ ಮುಂಗೋಡೆಯ ಉದ್ದಕ್ಕೇ ಹಾದುಹೋಗಿತ್ತು. ಮನೆ ಪೂರ್ವಕ್ಕೆ ಸೇರಿದ್ದು, ಹೊಸ್ತಿಲಿನ ಹೊರಗಿನ ಕಾಲುದಾರಿ ಪಶ್ಚಿಮಕ್ಕೆ ಸೇರಿದ್ದು. ಬಾಗಿಲುಗಳನ್ನು ಮುಚ್ಚಿದಾಗ ಜನರು ಕಿಟಕಿಗಳಿಂದ ಧುಮುಕಿದರು. 58 ವರ್ಷದ ಇಡಾ ಸೀಕ್ಮಾನ್ 1961ರ ಆಗಸ್ಟ್ 22ರಂದು ಮೊದಲು ಹಾಸಿಗೆಯನ್ನು ಕೆಳಗೆಸೆದು ತಾವೂ ಹಾರಿ ಅಸುನೀಗಿದರು. ಎರಡು ಗೋಡೆಗಳ ನಡುವಿನ ಮರಣಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ಅಲ್ಲಿನ ಚರ್ಚನ್ನು 1985ರಲ್ಲಿ ಸರ್ಕಾರವೇ ಸಿಡಿಮದ್ದಿನಿಂದ ಉರುಳಿಸಿತು. 2000ದಲ್ಲಿ ಅದೇ ಸ್ಥಳದಲ್ಲಿ, ಹಳೆಯ ಕಟ್ಟಡದ ಚೂರುಗಳನ್ನು ಬೆರೆಸಿದ ಮಣ್ಣನ್ನು ದಿಮ್ಮಿಸಿ ಚಿಕ್ಕ ಪ್ರಾರ್ಥನಾ ಮಂದಿರವನ್ನು ಕಟ್ಟಿದರು. ಅದರ ಹೆಸರು ಸಂಧಾನದ ಮಂದಿರ. ಗೋಡೆಯಲ್ಲಿ ಮಡಿದವರ ಜೀವನವೃತ್ತಾಂತವನ್ನು ಅಲ್ಲಿ ಒಬ್ಬೊಬ್ಬರದಾಗಿ ಓದುವ ಪದ್ಧತಿಯಿದೆ. ಸಮೀಪದಲ್ಲಿಯೇ ಮಡಿದವರ ಭಾವಚಿತ್ರಗಳನ್ನಿಟ್ಟ ಸ್ಮಾರಕವಿದೆ. ಕರ್ತವ್ಯದಲ್ಲಿದ್ದಾಗ ಸತ್ತ ಗಡಿಕಾವಲಿನ ಸೈನಿಕರನ್ನೂ ಅಲ್ಲಿ ನೆನೆಯಲಾಗಿದೆ, ಆದರೆ ಬೇರೆಯಾಗಿ. ಸತ್ತವರೆಲ್ಲರ ಮೇಲೂ ಕರುಣೆ ಇರಬೇಕು. ಆ ಕರುಣೆಯ ಹೆಸರಿನಲ್ಲಿ ಓಡಿದವನ ಸಾವನ್ನೂ ತಡೆದವನ ಸಾವನ್ನೂ ಒಂದಾಗಿ ಕಲೆಸಿಬಿಡಬಾರದು. ಕರುಣೆ ಮತ್ತು ವಿವೇಕ ಎರಡನ್ನೂ ಒಟ್ಟಿಗೆ ಕಾಪಾಡಿಕೊಳ್ಳುವ ಪ್ರಯತ್ನವಿದು.

ಮೊದಲನೆಯ ಆಕ್ಷೇಪಕ್ಕೂ ಇಲ್ಲಿಯೇ ಸಮಾಧಾನವಿದೆ. ನೊಂದವನು ಸೇಡಿಗಾಗಿ ಕಟ್ಟಿದ ಸ್ಮಾರಕ ವೈರವನ್ನು ಬೆಳೆಸಬಹುದು. ತಪ್ಪಿತಸ್ಥರ ಉತ್ತರಾಧಿಕಾರಿಗಳೇ ತಪ್ಪನ್ನು ಒಪ್ಪಿ ಕಟ್ಟಿದ ಸ್ಮಾರಕ ವೈರದ ಬೇರನ್ನೇ ಕೀಳುತ್ತದೆ. ಮರೆವನ್ನು ನೀಡುವ ಅಧಿಕಾರ ನೊಂದವನದು. ನೋಯಿಸಿದವನು ಅದನ್ನು ತಾನೇ ತೆಗೆದುಕೊಳ್ಳಲಾಗದು.

ಇನ್ನು ನೋಡುವವನ ವಿಚಾರ. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುವ ಕ್ರಮವನ್ನು ನಮ್ಮ ಓದುಗರು ಬಲ್ಲರು. ತಾನೇ ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು. ಬರ್ಲಿನ್ನಿನ ಸ್ಮಾರಕಗಳನ್ನು ಈ ಮೂರು ಪದಗಳನ್ನು ಕೈದೀಪವಾಗಿ ಹಿಡಿದು ನೋಡಿದರೆ ಅವುಗಳ ನಿಜವಾದ ಅರ್ಥ ಕಾಣಿಸುತ್ತದೆ.

ಮೊದಲನೆಯದು ಕೃತ. 1989ರ ಫೆಬ್ರುವರಿಯಲ್ಲಿ, ಗೋಡೆ ತೆರೆಯಲು ಒಂಬತ್ತು ತಿಂಗಳಷ್ಟೇ ಉಳಿದಿದ್ದಾಗ, ಇಪ್ಪತ್ತು ವರ್ಷದ ಕ್ರಿಸ್ ಗೆಫ್ರಾಯ್ ಗಡಿ ದಾಟಲು ಯತ್ನಿಸಿ ಗುಂಡಿಗೆ ಬಲಿಯಾದ. ಗುಂಡು ಹಾರಿಸಿದ ಕಾವಲುಗಾರರಿಗೆ ಆಗ ಬಹುಮಾನ ದೊರೆಯಿತು. ದೇಶ ಒಂದಾದ ಮೇಲೆ ಅವರು ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಆಜ್ಞೆಯಂತೆ ನಡೆದೆವು, ಅಂದಿನ ಕಾನೂನು ಅದನ್ನು ಒಪ್ಪಿತ್ತು ಎಂಬ ವಾದವನ್ನು 1992ರ ತೀರ್ಪು ಪೂರ್ತಿಯಾಗಿ ಮನ್ನಿಸಲಿಲ್ಲ. ಮಾರಕವಾಗಿ ಗುಂಡು ಹಾರಿಸಿದವನಿಗೆ ಮೂರೂವರೆ ವರ್ಷಗಳ ಶಿಕ್ಷೆಯಾಯಿತು. ಮುಂದೆ ಅದು ಕಡಿಮೆಯಾಯಿತು. ಕಾನೂನು ಸಮ್ಮತಿಸಿದ್ದೆಲ್ಲ ಧರ್ಮವಾಗುವುದಿಲ್ಲ, ಆಜ್ಞೆಯು ಮನಸ್ಸಾಕ್ಷಿಯನ್ನು ಕೊಂಡುಕೊಳ್ಳಲಾರದು ಎಂಬ ತತ್ತ್ವ ಅಲ್ಲಿ ಪರೀಕ್ಷೆಗೆ ಒಳಗಾಯಿತು. ಕೈಗೆ ಕೋವಿ ಕೊಟ್ಟವರನ್ನೂ ನ್ಯಾಯಾಲಯ ಬಿಡಲಿಲ್ಲ. ಪೂರ್ವ ಜರ್ಮನಿಯ ಕೊನೆಯ ನಾಯಕರಲ್ಲಿ ಒಬ್ಬರಾದ ಎಗಾನ್ ಕ್ರೆಂಟ್ಸ್ ಅವರಿಗೆ 1997ರಲ್ಲಿ ಆರೂವರೆ ವರ್ಷಗಳ ಶಿಕ್ಷೆಯಾಯಿತು.

ಎರಡನೆಯದಾದ ಕಾರಿತದ ಘೋರ ರೂಪವನ್ನು ನಗರದ ನೈಋತ್ಯದಲ್ಲಿ, ವಾನ್ಜೀ ಸರೋವರದ ದಡದ ಬಂಗಲೆಯೊಂದರಲ್ಲಿ ಕಾಣಬೇಕು. 1942ರ ಜನವರಿ 20ರಂದು ನಾಜಿ ಆಡಳಿತದ ಹದಿನೈದು ಮಂದಿ ಅಧಿಕಾರಿಗಳು ಅಲ್ಲಿ ಸಭೆ ಸೇರಿದರು. ಯೂರೋಪಿನ ಯಹೂದ್ಯರನ್ನೆಲ್ಲ ನಿರ್ಮೂಲಗೊಳಿಸುವ ಕಾರ್ಯವನ್ನು ಇಲಾಖೆಗಳ ನಡುವೆ ಹೊಂದಿಸಿಕೊಳ್ಳುವುದು ಸಭೆಯ ವಿಷಯ. ಅವರಲ್ಲಿ ಹಲವರು ಉನ್ನತ ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದವರು. ಉಳಿದುಬಂದಿರುವ ನಡವಳಿಯಲ್ಲಿ ದೇಶವಾರು ಜನಸಂಖ್ಯೆಯ ಪಟ್ಟಿಯಿದೆ. ಮೊತ್ತ ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು. ಕೊಲೆಯನ್ನು ‘ಸ್ಥಳಾಂತರ’ದಂತಹ ಮಾತುಗಳಿಂದ ಮುಚ್ಚಲಾಗಿದೆ. 1992ರಿಂದ ಆ ಬಂಗಲೆ ಸ್ಮಾರಕವಾಗಿದೆ. ಸುಂದರವಾದ ಕೋಣೆ, ಕಿಟಕಿಯ ಆಚೆ ನೀರು. ಅಲ್ಲಿ ಯಾರೂ ಯಾರ ಮೇಲೂ ಕೈಯೆತ್ತಲಿಲ್ಲ. ಮಾಡಿಸುವವನ ಕೈಗೆ ರಕ್ತ ಅಂಟುವುದಿಲ್ಲ ಎಂಬ ಭ್ರಮೆ ಅಲ್ಲಿ ಉಳಿಯದು.

ಮೂರನೆಯದು ಅನುಮೋದನೆ. ನಮ್ಮಂತಹ ಸಾಮಾನ್ಯ ಗೃಹಸ್ಥರಿಗೆ ಹತ್ತಿರವಾದದ್ದು ಇದೇ. ಬೇಬೆಲ್ ಚೌಕದಲ್ಲಿ ನೆಲಕ್ಕೆ ಅಳವಡಿಸಿದ ಗಾಜಿನ ಕೆಳಗೆ ಬರಿದಾದ ಬಿಳಿಯ ಪುಸ್ತಕದ ಕಪಾಟುಗಳಿವೆ. ಶಿಲ್ಪಿ ಮಿಖಾ ಉಲ್ಮನ್ 1995ರಲ್ಲಿ ಅದನ್ನು ರಚಿಸಿದರು. 1933ರ ಮೇ 10ರಂದು ಅದೇ ಚೌಕದಲ್ಲಿ ಸುಮಾರು 20,000 ಗ್ರಂಥಗಳನ್ನು ಸುಟ್ಟರು. ಸುಟ್ಟವರಲ್ಲಿ ಮುಂದಾಳುಗಳು ವಿದ್ಯಾರ್ಥಿಗಳು. ಸುತ್ತ ನಿಂತು ನೋಡಿದವರು ನಾಗರಿಕರು. ಲಿಖ್ಟೆನ್‌ಬೆರ್ಗ್ ಭಾಗದಲ್ಲಿ ಪೂರ್ವ ಜರ್ಮನಿಯ ಗುಪ್ತಚರ ಇಲಾಖೆಯಾದ ಸ್ಟಾಸಿಯ ಹಳೆಯ ಕೇಂದ್ರ ಕಛೇರಿ ಈಗ ವಸ್ತುಸಂಗ್ರಹಾಲಯ. 1990ರ ಜನವರಿ 15ರಂದು ಜನರು ಅದರೊಳಗೆ ನುಗ್ಗಿದರು. ಆ ಇಲಾಖೆಯ ಉಳಿದ ಕಡತಗಳನ್ನು ಸಾಲಾಗಿ ಇಟ್ಟರೆ ಸುಮಾರು 111 ಕಿಲೋಮೀಟರ್ ಉದ್ದವಾಗುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಗುಪ್ತವಾಗಿ ಸುದ್ದಿ ಒದಗಿಸುತ್ತಿದ್ದರು. 1992ರಿಂದ ತಮ್ಮ ಕಡತವನ್ನು ಓದುವ ಹಕ್ಕು ಜನರಿಗೆ ದೊರೆತಾಗ, ತಮ್ಮ ಮಾತನ್ನು ಒಪ್ಪಿಸಿದವನು ನೆರೆಯವನೋ ಸ್ನೇಹಿತನೋ ಎಂಬುದು ಅನೇಕರಿಗೆ ತಿಳಿಯಿತು. ಅಲ್ಲಿ ಸಾಕ್ಷಿಯಾಗಿ ಉಳಿದಿರುವುದು ಆಯುಧಗಳಲ್ಲ, ಕಾಗದಗಳು; ಹೇಳಿದವನು, ಬರೆದುಕೊಂಡವನು, ಸುಮ್ಮನಿದ್ದವನು ಎಲ್ಲರೂ ಆ ಕಾಗದದಲ್ಲಿ ಪಾಲುದಾರರು.

ಕಲಾಸಂಗ್ರಹಾಲಯಗಳಿಗೂ ಈ ವಿಚಾರ ಅನ್ವಯಿಸುತ್ತದೆ. ಆಫ್ರಿಕದ ಬೆನಿನ್ ಅರಮನೆಯ ಕಂಚಿನ ಕೃತಿಗಳನ್ನು 1897ರಲ್ಲಿ ಕೊಳ್ಳೆ ಹೊಡೆದದ್ದು ಬ್ರಿಟಿಷ್ ಸೈನ್ಯ. ಬರ್ಲಿನ್ ಅವುಗಳಲ್ಲಿ ನೂರಾರನ್ನು ಬಳಿಕ ಸಂಗ್ರಹಿಸಿತು. ಕೊಳ್ಳೆಯ ವಸ್ತುವನ್ನು ಬೆಲೆ ಕೊಟ್ಟು ಪಡೆದವನು ಕೊಳ್ಳೆಗೆ ಸಮ್ಮತಿಸಿದಂತೆಯೇ ಅಲ್ಲವೇ? 2022ರಲ್ಲಿ ಅವುಗಳ ಒಡೆತನವನ್ನು ನೈಜೀರಿಯಕ್ಕೆ ಒಪ್ಪಿಸುವ ಮೂಲಕ ಜರ್ಮನಿ ಈ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಕೊಟ್ಟಿತು. ಇದೇ ನಗರದ ಗ್ರಂಥಾಲಯದಲ್ಲಿ ಜೈನ ಹಸ್ತಪ್ರತಿಗಳ ದೊಡ್ಡ ಸಂಗ್ರಹವೂ ಇದೆ. 1870ರ ದಶಕದಲ್ಲಿ ಮುಂಬಯಿ ಸರ್ಕಾರದ ಸೇವೆಯಲ್ಲಿದ್ದ ಬ್ಯೂಲರ್ ಎಂಬ ವಿದ್ವಾಂಸರು ಸರ್ಕಾರದ ಅನುಮತಿಯಿಂದ ಅವುಗಳಲ್ಲಿ ಹಲವನ್ನು ಕೊಂಡು ಕಳುಹಿಸಿದರು. ಆಲ್ಬ್ರೆಖ್ಟ್ ವೇಬರ್ ಅವುಗಳನ್ನು ಆಧರಿಸಿ ಆಗಮಗಳ ಕುರಿತು ವಿಸ್ತಾರವಾಗಿ ಬರೆದರು. ಎರಡು ಸಂಗ್ರಹಗಳೂ ಪರದೇಶದವೇ. ಬಂದ ದಾರಿ ಬೇರೆ. ವಸ್ತುವಿನ ಸೌಂದರ್ಯವನ್ನು ನೋಡುವವನು ಅದು ಬಂದ ದಾರಿಯನ್ನೂ ವಿಚಾರಿಸಬೇಕು.

ಹಾಗಾದರೆ ನೋಡುವ ಕ್ರಮ ಯಾವುದು? ಬೀದಿಯ ನೆಲದಲ್ಲಿ ಹುದುಗಿಸಿದ ಚಿಕ್ಕ ಹಿತ್ತಾಳೆಯ ಫಲಕಗಳು ಅದನ್ನು ಕಲಿಸುತ್ತವೆ. ಹತ್ತು ಸೆಂಟಿಮೀಟರ್ ಅಗಲದ ಅವು, ನಾಜಿಗಳ ಹಿಂಸೆಗೆ ಗುರಿಯಾದವರು ಕೊನೆಯದಾಗಿ ಸ್ವೇಚ್ಛೆಯಿಂದ ವಾಸಿಸಿದ ಮನೆಯ ಮುಂದೆ ಇವೆ. ಹೆಸರು, ಹುಟ್ಟಿದ ವರ್ಷ, ಒದಗಿದ ಗತಿ ಇಷ್ಟೇ ಬರೆಹ. ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಆರಂಭಿಸಿದ ಕಾರ್ಯವಿದು. ಓದಬೇಕಾದರೆ ನಿಲ್ಲಬೇಕು, ತಲೆ ಬಾಗಬೇಕು. 2005ರಲ್ಲಿ ತೆರೆದ ಯಹೂದ್ಯರ ಸ್ಮಾರಕದ 2,711 ಕಾಂಕ್ರೀಟ್ ಸ್ತಂಭಗಳ ನಡುವೆ ಮಕ್ಕಳು ಓಡಿ ಆಡುವುದುಂಟು. ಮಕ್ಕಳನ್ನು ದೂಷಿಸಬೇಕಾಗಿಲ್ಲ, ಆದರೆ ಅವರ ಕೈಹಿಡಿದು ಒಂದೇ ಒಂದು ಕುಟುಂಬದ ಕಥೆಯನ್ನು ಹೇಳುವ ಹೊಣೆ ಹಿರಿಯರದು. ಒಂದು ದಿನದಲ್ಲಿ ಹತ್ತು ಸ್ಥಳಗಳನ್ನು ಮುಗಿಸುವುದಕ್ಕಿಂತ ಒಂದು ಸ್ಥಳದಲ್ಲಿ ಒಂದು ಹೆಸರನ್ನು ಪೂರ್ತಿಯಾಗಿ ಓದುವುದು ಮೇಲು.

ಸತ್ತವರಿಗಾಗಿ ಮರುಗುವುದು ಸುಲಭ; ಆ ಮರುಕದಲ್ಲಿ ನಾವು ನಿರ್ದೋಷಿಗಳೆಂಬ ನೆಮ್ಮದಿಯೂ ಸೇರಿಕೊಂಡಿರುತ್ತದೆ. ಆದುದರಿಂದ ನೋಡುವವನು ಅಲ್ಲಿಗೆ ನಿಲ್ಲದೆ, ಆ ದಿನ ಆ ಬೀದಿಯಲ್ಲಿ ತಾನು ಇದ್ದಿದ್ದರೆ ಮೂವರಲ್ಲಿ ಯಾರಾಗುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಕೋವಿ ಹಿಡಿದವನೋ, ಕಾಗದಕ್ಕೆ ರುಜು ಹಾಕಿದವನೋ, ಪರದೆ ಸರಿಸಿ ನೋಡಿ ಮತ್ತೆ ಮುಚ್ಚಿದವನೋ? ಈ ಪ್ರಶ್ನೆಯನ್ನು ಎಬ್ಬಿಸುವ ಯಾತ್ರೆ ಯುಕ್ತವಾದದ್ದು. ಎಬ್ಬಿಸದ ಯಾತ್ರೆ ಚಿತ್ರ ತೆಗೆಸಿಕೊಂಡು ಬರುವ ವಿಹಾರ ಮಾತ್ರ. ಇದಕ್ಕೆ ಉತ್ತರ ಕೊಡುವ ಅವಕಾಶ ಬರ್ಲಿನ್ನಿನಲ್ಲಿ ಇಲ್ಲ. ಮರಳಿ ಬಂದ ಮೇಲೆ ನಮ್ಮ ಬೀದಿಯಲ್ಲಿ, ನಮ್ಮ ಸಂಸ್ಥೆಗಳಲ್ಲಿ, ನಮ್ಮ ಮನೆಯ ಊಟದ ಪಂಕ್ತಿಯಲ್ಲಿ ಯಾರನ್ನಾದರೂ ಹೊರಗಿಡುವ ಮಾತು ಬಂದಾಗ ನಾವು ಏನು ಮಾಡುತ್ತೇವೆ ಎಂಬುದೇ ಆ ಉತ್ತರ.