ಎಂಬತ್ತೇಳರಲ್ಲಿ ಒಂದು ಪಾಲು

ನನಗೊಂದು ಹುಚ್ಚಿದೆ. ವಯಸ್ಸಿಗೆ ತಕ್ಕದ್ದಲ್ಲವೆಂದು ಮನೆಯವರು ಹೇಳುತ್ತಾರೆ. ವಯಸ್ಸಾದುದರಿಂದಲೇ ಹಿಡಿದದ್ದೆಂದು ನಾನು ಹೇಳುತ್ತೇನೆ. ರೈಲ್ವೆಯ ಡೀಸೆಲ್ ಎಂಜಿನ್ನುಗಳ ಪುಟ್ಟ ಮಾದರಿಗಳನ್ನು ತಂದು, ಅವುಗಳ ಕೊರತೆಗಳನ್ನು ಕಂಡುಹಿಡಿದು, ಒಂದೊಂದಾಗಿ ತಿದ್ದುತ್ತ ಕೂರುವುದೇ ಆ ಹುಚ್ಚು. "ಆಟದ ಸಾಮಾನಲ್ಲವೆ?" ಎಂದು ಕೇಳಿದವರಿಗೆ ಮೊದಮೊದಲು ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ, ಈಗ ಕೊಡುವುದಿಲ್ಲ. ಆದರೆ ಈ ಆಟದ ಸಾಮಾನಿನ ನೆಪದಲ್ಲಿ ಒಂದು ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಇದ್ದುದನ್ನು ಇದ್ದಂತೆ ತೋರಿಸುವುದೆಂದರೆ ಏನು? ಹಾಗೆ ತೋರಿಸಬೇಕೆಂಬ ಹಟ ಸದ್ಗುಣವೋ, ಅಹಂಕಾರವೋ?

ನನ್ನ ಮೇಜಿನ ಮೇಲಿರುವುದು ಡಬ್ಲ್ಯು.ಡಿ.ಎಂ.-2 ಎಂಬ ಎಂಜಿನ್ನಿನ ಮಾದರಿ. ಹೆಸರು ಕೇಳಲು ಒರಟು, ಅರ್ಥ ಸರಳ. ಡಬ್ಲ್ಯು ಎಂದರೆ ಬ್ರಾಡ್‌ಗೇಜು, ಡಿ ಎಂದರೆ ಡೀಸೆಲ್, ಎಂ ಎಂದರೆ ಜನರ ಗಾಡಿಗೂ ಸರಕಿನ ಗಾಡಿಗೂ ಸಲ್ಲುವಂಥದು. ಅಮೆರಿಕದ ಆಲ್ಕೋ ಕಂಪನಿಯಿಂದ 1962ರಲ್ಲಿ ಇದು ನಮ್ಮ ದೇಶಕ್ಕೆ ಬಂತು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿಯೇ ತಯಾರಾಗತೊಡಗಿತು. ತವರುಮನೆಯಾದ ಆಲ್ಕೋ 1969ರಲ್ಲಿ ಬಾಗಿಲು ಹಾಕಿತು. ಮಗಳು ಮಾತ್ರ ಇಲ್ಲಿ ದಶಕಗಳ ಕಾಲ ಸಂಸಾರ ನಡೆಸಿದಳು. ಎರಡು ಸಾವಿರದ ಆರುನೂರು ಅಶ್ವಶಕ್ತಿ, ಸುಮಾರು 113 ಟನ್ ತೂಕ. 1970ರಿಂದೀಚೆಗೆ ಒಂದೆರಡು ದಶಕ ಈ ದೇಶದಲ್ಲಿ ದೂರದ ಪ್ರಯಾಣ ಮಾಡಿದವರಲ್ಲಿ ಇದರ ಬೆನ್ನ ಹಿಂದೆ ಕೂರದವರು ವಿರಳ. ಹೆಸರು ತಿಳಿಯದೆ ಕೂತಿದ್ದರು, ಅಷ್ಟೆ.

ನನ್ನ ಮಾದರಿ ಅದರ ಎಂಬತ್ತೇಳರಲ್ಲಿ ಒಂದು ಪಾಲು. ಹದಿನೇಳು ಮೀಟರಿನ ಎಂಜಿನ್ನು ಒಂದು ಗೇಣಿನಷ್ಟಾಗಿದೆ. ಅಂಗಡಿಯಿಂದ ತಂದಾಗ ಅದರ ಹಿಡಿಕಂಬಿಗಳು ಒಡಲಿನೊಂದಿಗೇ ಎರಕಗೊಂಡ ಪ್ಲಾಸ್ಟಿಕ್ಕಿನವು. ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪ. ಅದೇನು ಮಹಾ ದಪ್ಪ ಎನ್ನುವಿರಿ. ಎಂಬತ್ತೇಳರಿಂದ ಗುಣಿಸಿ ನೋಡಿ: ಆರೂವರೆ ಸೆಂಟಿಮೀಟರ್! ಅಂಥ ಕಂಬಿಯನ್ನು ಯಾವ ಮನುಷ್ಯನ ಕೈ ಹಿಡಿದೀತು? ಅದನ್ನು ಕೆರೆದು ತೆಗೆದು, ಕೂದಲಿಗಿಂತ ತುಸುವೇ ದಪ್ಪನಾದ ಹಿತ್ತಾಳೆ ತಂತಿಯನ್ನು ಬಗ್ಗಿಸಿ ಕೂರಿಸಿದೆ. ಗಾಳಿ ಬೀಸಣಿಗೆಯ ಮೇಲಿನ ಜಾಲರಿ ಬರಿಯ ಗೀರಾಗಿತ್ತು. ಆಮ್ಲದಿಂದ ಕೊರೆದ ತೆಳು ತಗಡಿನ ಜಾಲರಿ ಹಾಕಿದೆ. ಬಫರುಗಳು, ಗಾಳಿಯ ಕೊಳವೆಗಳು, ಮಾಡಿನ ಮೇಲಿನ ಹಾರ್ನು, ಮೆಟ್ಟಿಲುಗಳು, ಎಲ್ಲವೂ ಹೊಸತಾದವು. ಚಿಮಟ, ಭೂತಗನ್ನಡಿ, ಬೆಸುಗೆಯ ಕಡ್ಡಿ, ಇವುಗಳೊಡನೆ ಎರಡು ವರ್ಷದ ಭಾನುವಾರಗಳು ಕಳೆದವು. ಕೊನೆಗೆ ತಿದ್ದದ ಇನ್ನೊಂದು ಮಾದರಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿದಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಆದರೆ ಹೋಲಿಸುವ ಚಟ ಒಮ್ಮೆ ಹತ್ತಿದರೆ ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಬ್ರಾಡ್‌ಗೇಜಿನ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಎಂಬತ್ತೇಳರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೂ ಮಿಗಿಲು ಬರಬೇಕು. ಈ ಅಳತೆಯ ಮಾದರಿಗಳಿಗಾಗಿ ಅಂಗಡಿಯಲ್ಲಿ ಸಿಕ್ಕುವ ಹಳಿ ಹದಿನಾರೂವರೆಯದು, ಎಂದರೆ ಹೊರದೇಶಗಳ 1435 ಮಿಲಿಮೀಟರಿನ ಹಳಿಯ ಪ್ರತಿರೂಪ. ಹೀಗಾಗಿ ನನ್ನ ಎಂಜಿನ್ನಿನ ರಿವೆಟ್ಟುಗಳೆಲ್ಲ ಭಾರತದವು, ಅದು ಓಡುವ ಹಳಿ ಮಾತ್ರ ಪರದೇಶದ್ದು. ಇಂಗ್ಲೆಂಡಿನವರ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ. ಅಲ್ಲಿನ ಎಂಜಿನ್ನುಗಳ ಮೈ ಚಿಕ್ಕದು. ಹಿಂದಿನ ಕಾಲದ ಮೋಟಾರು ಅದರೊಳಗೆ ಹಿಡಿಸದೆ, ಒಡಲನ್ನು ಮಾತ್ರ ಎಪ್ಪತ್ತಾರರಲ್ಲಿ ಒಂದು ಪಾಲಿಗೆ ಹಿಗ್ಗಿಸಿ, ಹಳಿಯನ್ನು ಹದಿನಾರೂವರೆಯಲ್ಲಿಯೇ ಉಳಿಸಿಕೊಂಡರು. ಆ ಒಪ್ಪಂದ ಇಂದಿಗೂ ನಡೆದಿದೆ. ಒಪ್ಪದ ಕೆಲವರು ಲೆಕ್ಕಕ್ಕೆ ಸರಿಯಾಗಿ 18.83 ಮಿಲಿಮೀಟರಿನ ಹಳಿಯನ್ನು ಕೈಯಾರೆ ಹಾಕಿಕೊಳ್ಳುತ್ತಾರೆ. ಆ ದಶಾಂಶದ ಮುಂದಿನ ಎರಡು ಅಂಕಿಗಳಿಗಾಗಿ ಆಯುಷ್ಯ ತೆತ್ತವರನ್ನು ಕಂಡು ನಗಲು ನನಗೆ ಧೈರ್ಯವಿಲ್ಲ.

ಇನ್ನು ತೂಕ. ಉದ್ದ, ಅಗಲ, ಎತ್ತರ ಮೂರೂ ಎಂಬತ್ತೇಳು ಪಾಲು ಕುಗ್ಗಿದರೆ ತೂಕ ಆರೂವರೆ ಲಕ್ಷಕ್ಕೂ ಮಿಗಿಲಾದ ಪಾಲು ಕುಗ್ಗಬೇಕು. 113 ಟನ್ನಿನ ಎಂಜಿನ್ನು ಆಗ 170 ಗ್ರಾಮಿನ ಆಸುಪಾಸಿಗೆ ಬರುತ್ತದೆ. ಅಷ್ಟು ಹಗುರವಾದುದು ಹಳಿಯನ್ನು ಕಚ್ಚಿ ಹಿಡಿಯಲಾರದು. ಚಕ್ರ ನಿಂತಲ್ಲಿಯೇ ಜಾರುತ್ತದೆ. ಆದುದರಿಂದ ಒಳಗೆ ಸೀಸದ ತುಂಡುಗಳನ್ನಿಟ್ಟು ತೂಕವನ್ನು ಇಮ್ಮಡಿ ಮಾಡುತ್ತೇವೆ. ಬಣ್ಣದ ಪದರವಾದರೂ ಸರಿಯೇ? ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಬಣ್ಣ ಬಳಿದರೆ, ಲೆಕ್ಕದಲ್ಲಿ ಅದು ನಾಲ್ಕು ಮಿಲಿಮೀಟರಿಗೂ ಮಿಕ್ಕಿದ ಗಾರೆ. ಅಂದರೆ ಓಡಬೇಕಾದರೆ ತೂಕದಲ್ಲಿ ಸುಳ್ಳು ಹೇಳಬೇಕು, ಕಾಣಬೇಕಾದರೆ ದಪ್ಪದಲ್ಲಿ ಸುಳ್ಳು ಹೇಳಬೇಕು. ಎಲ್ಲದರಲ್ಲಿಯೂ ನಿಜವಾದ ಮಾದರಿ ಎಂಬುದೇ ಇಲ್ಲ. ಯಾವ ಸುಳ್ಳನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂಬ ತೀರ್ಮಾನ ಮಾತ್ರ ಇದೆ. ಈ ತೀರ್ಮಾನ ಅಳತೆಗೋಲಿನಿಂದ ಆಗತಕ್ಕದ್ದಲ್ಲ, ಮನಸ್ಸಿನಿಂದ ಆಗತಕ್ಕದ್ದು. ಪ್ರಶ್ನೆ ನೀತಿಗೆ ಸೇರುವುದು ಇಲ್ಲಿಯೇ.

ಸೋಮನಾಥಪುರದ ಗುಡಿಯಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ತಾನು ಕೆತ್ತಿದ ವಿಗ್ರಹಗಳ ಕೆಳಗೆ ತನ್ನ ಹೆಸರು ಹಾಕಿಕೊಂಡಿದ್ದಾನೆ. ಕಂಠಹಾರದ ಒಂದೊಂದು ಮಣಿಯನ್ನೂ ಬಿಡದೆ ಕಂಡರಿಸುವ ಪರಂಪರೆ ಅವನದು. ಆದರೆ ಅವನ ಮುಂದೆ ಅಳೆದು ನೋಡುವುದಕ್ಕೆ ಅಂಥ ಹಾರವಿರಲಿಲ್ಲ, ಅಂಥ ದೇವತೆಯೂ ನಿಂತಿರಲಿಲ್ಲ. ಅವನ ಸೂಕ್ಷ್ಮ ಅಳತೆಗೆ ಸಲ್ಲಿಸಿದ ಕಪ್ಪವಲ್ಲ. ಕೆತ್ತುತ್ತಿರುವ ವಸ್ತುವಿಗೆ ಸಲ್ಲಿಸಿದ ಮರ್ಯಾದೆ. ನನ್ನ ಸೂಕ್ಷ್ಮವೂ ಅಂಥದೇ ಎಂದು ನಾನು ಬಹುಕಾಲ ನಂಬಿದ್ದೆ.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಹೀಗೆ. ನಮ್ಮಂಥ ನಾಲ್ಕೈದು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುವುದುಂಟು. ಒಮ್ಮೆ ಒಬ್ಬ ಹುಡುಗ ತಾನೇ ಮಾಡಿದ ಇದೇ ಎಂಜಿನ್ನಿನ ಮಾದರಿಯನ್ನು ತಂದ. ಬಹುಮಟ್ಟಿಗೆ ರಟ್ಟಿನದು. ನಾನು ಕನ್ನಡಕ ಸರಿಪಡಿಸಿಕೊಂಡು ನೋಡತೊಡಗಿದೆ. ಈ ಎಂಜಿನ್ನಿನ ಮೂರು ಮೂರು ಅಚ್ಚುಗಳು ಸಮಾನ ಅಂತರದಲ್ಲಿಲ್ಲ. ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಹುಡುಗ ಸಮಾನವಾಗಿ ಹಾಕಿದ್ದ. "ಇದು ತಪ್ಪು" ಎಂದೆ. ಜಾಲರಿಯ ಸೀಳುಗಳು ಕಡಮೆ, ತಪ್ಪು. ದೀಪ ದೊಡ್ಡದು, ತಪ್ಪು. ಬಣ್ಣ ಹೊಳೆಯುತ್ತಿದೆ, ಓಡುವ ಎಂಜಿನ್ನು ಇಷ್ಟು ಚೊಕ್ಕಟವಾಗಿ ಇರುವುದಿಲ್ಲ, ತಪ್ಪು. ಹದಿನೇಳು ತಪ್ಪುಗಳನ್ನು ಎಣಿಸಿದೆ. ಕೆಟ್ಟ ಮನಸ್ಸಿನಿಂದ ಎಣಿಸಲಿಲ್ಲ. ಕಲಿಯಲಿ ಎಂದೇ ಎಣಿಸಿದೆ, ಅಥವಾ ಹಾಗೆಂದುಕೊಂಡೆ. ಹುಡುಗ "ಹೌದು ಸಾರ್, ಹೌದು ಸಾರ್" ಎನ್ನುತ್ತಲೇ ಮಾದರಿಯನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಹೋದ. ಮತ್ತೆ ಬರಲಿಲ್ಲ. ನಾನು ಹೇಳಿದ ಹದಿನೇಳೂ ನಿಜವಾದ ತಪ್ಪುಗಳೇ. ಆದುದರಿಂದ ನನ್ನ ಮನಸ್ಸಾಕ್ಷಿಗೆ ಆ ರಾತ್ರಿ ನಿದ್ರೆ ಚೆನ್ನಾಗಿಯೇ ಬಂತು.

ಎರಡನೆಯ ಪೆಟ್ಟು ನಮ್ಮ ಸೋದರಮಾವನಿಂದ. ಅವರಿಗೆ ಈಗ ಎಂಬತ್ತು ದಾಟಿದೆ. 1980ರ ದಶಕದಲ್ಲಿ ಬೆಂಗಳೂರು-ಜೋಲಾರಪೇಟೆ ಮಾರ್ಗದಲ್ಲಿ ಇದೇ ಎಂಜಿನ್ನುಗಳನ್ನು ಓಡಿಸಿದವರು. ಹದಿನಾರು ಸಿಲಿಂಡರುಗಳ ಪಕ್ಕದಲ್ಲಿ ಅಷ್ಟು ವರ್ಷ ಕೂತ ಕಿವಿಗಳು ಈಗ ಹೆಚ್ಚೇನೂ ಕೇಳುವುದಿಲ್ಲ. ನಮ್ಮ ಮನೆಗೆ ಬಂದಾಗ ಎಂಜಿನ್ನನ್ನು ಅವರ ಮುಂದಿಟ್ಟು, ಒಳಗೆ ಹೊಸದಾಗಿ ಕೂರಿಸಿದ್ದ ಶಬ್ದದ ಚಿಪ್ಪನ್ನು ಚಾಲೂ ಮಾಡಿದೆ. ನಿಜವಾದ ಎಂಜಿನ್ನಿನ ಗುಡುಗು ಸಣ್ಣಗೆ ಹೊರಟಿತು. ಮಾವನ ಮುಖದಲ್ಲಿ ಏನೂ ಕಾಣಲಿಲ್ಲ. ಕೇಳಿಸಿರಲೇ ಇಲ್ಲ. ಆಮೇಲೆ ಮಾಡಿನ ಮೇಲೆ ಒಂದು ಬೆರಳಿಟ್ಟು ನೋಡಿದರು.

"ನಡುಗೋದಿಲ್ಲವಲ್ಲೋ!" ಎಂದರು.

ಮೈಮೇಲೆ ನಾನು ಬಳಿದಿದ್ದ ಹೊಗೆಯ ಮಸಿ, ಎಣ್ಣೆಯ ಕಲೆ, ಕೆಮ್ಮಣ್ಣಿನ ಧೂಳು, ಇವನ್ನು ನೋಡಿ ನಕ್ಕರು. "ಇದನ್ನೂ ನೀನೇ ಬಳಿದೆಯಾ? ನಮಗೆ ಒರೆಸೋದೇ ಆಗಿತ್ತು." ಯಾರದೋ ವರ್ಷಗಟ್ಟಲೆಯ ದುಡಿಮೆಯ ಕೊಳೆಯನ್ನು ನಾನು ಒಂದು ಮಧ್ಯಾಹ್ನದಲ್ಲಿ ಕುಂಚದಿಂದ ಸಂಪಾದಿಸಿದ್ದೆ. ಆಮೇಲೆ ಮಾವ ಎಂಜಿನ್ನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯಲ್ಲಿ ಇಣುಕಿದರು. ತಿರುಗಿಸಿ ಆ ಕಡೆಯ ಕಿಟಕಿಯಲ್ಲಿಯೂ ಇಣುಕಿದರು.

"ನಾನು ಎಲ್ಲಿ ಕೂತಿದ್ದೆನೋ ಇದರಲ್ಲಿ?"

ಕಿಟಕಿಗಳ ಒಳಗೆ ಕಪ್ಪು ಬಣ್ಣವಿತ್ತು. ಅದರ ಹಿಂದೆ ಸೀಸದ ತುಂಡಿತ್ತು. ಚಾಲಕನ ಕೋಣೆ ಹೊರಗಿನಿಂದ ಕಾಣುವುದಿಲ್ಲ, ತೂಕಕ್ಕೆ ಜಾಗ ಬೇಕಲ್ಲ ಎಂದು ಎರಡು ವರ್ಷವೂ ಅದರ ಕಡೆಗೆ ನಾನು ಗಮನ ಕೊಟ್ಟಿರಲಿಲ್ಲ.

ಮಾವ ಹೇಳಿದ್ದನ್ನು ಸಂಗ್ರಹಿಸಿ ಬರೆಯುತ್ತೇನೆ. ಈ ಎಂಜಿನ್ನಿಗೆ ಚಾಲಕನ ಕೋಣೆ ಒಂದೇ. ಒಂದು ಕಡೆ ಗಿಡ್ಡ ಮೂತಿ, ಇನ್ನೊಂದು ಕಡೆ ಉದ್ದ ಮೂತಿ. ಉದ್ದ ಮೂತಿ ಮುಂದಾಗಿ ಓಡಿಸುವಾಗ ಚಾಲಕನಿಗೆ ಹಳಿಯ ತನ್ನ ಮಗ್ಗುಲು ಮಾತ್ರ ಕಾಣುತ್ತದೆ. ಆಚೆಯ ಮಗ್ಗುಲನ್ನು ಎಂಜಿನ್ನೇ ಮರೆಮಾಡುತ್ತದೆ. ಆಗ ಎದುರು ಕಿಟಕಿಯಲ್ಲಿರುವ ಸಹಾಯಕ ಸಿಗ್ನಲ್ಲುಗಳನ್ನು ನೋಡಿ ಕೂಗಿ ಹೇಳುತ್ತಾನೆ. "ನನಗೆ ಕಾಣದ್ದನ್ನ ಅವನು ಕಂಡು ಹೇಳೋನು. ಕೊನೆಕೊನೆಗೆ ನನಗೆ ಅವನ ಕೂಗೂ ಸರಿಯಾಗಿ ಕೇಳ್ತಿರಲಿಲ್ಲ, ತುಟಿ ನೋಡ್ತಿದ್ದೆ. ಹಿಂದೆ ಸಾವಿರ ಜನ ಮಲಗಿರೋರು. ಎರಡು ಸೀಟು ಕಣೋ ಅದು. ಮಿಕ್ಕಿದ್ದೆಲ್ಲ ಬರೀ ಕಬ್ಬಿಣ."

ಈ ಮಾತನ್ನು ಕೇಳಿದಾಗ ನನಗೆ ನೆನಪಾದದ್ದು ಆ ಹುಡುಗನ ಮಾದರಿ. ಅದರ ಕಿಟಕಿಗಳು ತೆರೆದಿದ್ದವು. ಒಳಗೆ ಎರಡು ಪುಟ್ಟ ಪೀಠಗಳಿದ್ದವು. ಒಂದರ ಪಕ್ಕದಲ್ಲಿ ಊಟದ ಡಬ್ಬಿಯಂಥದು ಏನೋ ಇತ್ತು. ಅವನ್ನು ನಾನು ನೋಡಿರಲಿಲ್ಲವೆಂದಲ್ಲ, ನೋಡಿದ್ದೆ. ಆದರೆ ಅಂದು ನಾನು ಎಣಿಸುತ್ತಿದ್ದದ್ದು ತಪ್ಪುಗಳನ್ನು. ಪೀಠಗಳು ತಪ್ಪಾಗಿರಲಿಲ್ಲವಾದುದರಿಂದ ಲೆಕ್ಕಕ್ಕೆ ಬರಲಿಲ್ಲ.

ಇಷ್ಟರಿಂದ ಸೂಕ್ಷ್ಮವೆಲ್ಲ ವ್ಯರ್ಥ, ಪ್ರೀತಿಯೊಂದಿದ್ದರೆ ಸಾಕು ಎಂಬ ಸುಲಭದ ತೀರ್ಮಾನಕ್ಕೆ ನಾನು ಬರಲಾರೆ. ಅಚ್ಚುಗಳ ಅಂತರ ಸಮಾನವಲ್ಲವೆಂಬುದು ನಿಜವೇ. ಪ್ರೀತಿ ಇದೆಯೆಂದು ಗುಣಾಕಾರ ಬದಲಾಗುವುದಿಲ್ಲ. ಒಂದು ವಸ್ತುವಿನ ಬಗ್ಗೆ ಆದರವುಳ್ಳವನು ಅದು ಹೇಗಿದೆಯೆಂದು ತಿಳಿಯುವ ಶ್ರಮವನ್ನೂ ವಹಿಸಬೇಕು; ಶ್ರಮವಿಲ್ಲದ ಆದರ ಬರಿಯ ಬಾಯಿಮಾತು. ನಾನು ಎಡವಿದ್ದು ಬೇರೆ ಕಡೆ. ಎಂಜಿನ್ನನ್ನು ನೋಡುವಾಗ ನನ್ನ ಕಣ್ಣು 'ಇದರಲ್ಲಿ ಏನಿದೆ?' ಎಂದು ಕೇಳುತ್ತಿತ್ತು. ಹುಡುಗನ ಕೆಲಸವನ್ನು ನೋಡುವಾಗ 'ಇದರಲ್ಲಿ ಏನಿಲ್ಲ?' ಎಂದು ಕೇಳಿತು. ಕಣ್ಣು ಒಂದೇ, ಭೂತಗನ್ನಡಿಯೂ ಒಂದೇ. ಮೊದಲನೆಯ ಪ್ರಶ್ನೆಯಿಂದ ಕಬ್ಬಿಣದ ಬಗ್ಗೆ ಕೂಡ ಗೌರವ ಹುಟ್ಟಿತು. ಎರಡನೆಯದರಿಂದ ಮನುಷ್ಯನ ಬಗ್ಗೆಯೂ ಹುಟ್ಟಲಿಲ್ಲ. ಎರಡು ಮಾದರಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ದೋಷವಿಲ್ಲ. ಹೋಲಿಸುವ ನೆಪದಲ್ಲಿ ಎರಡು ಮನುಷ್ಯರನ್ನು ಪಕ್ಕಪಕ್ಕದಲ್ಲಿಟ್ಟು, ಅವರಲ್ಲೊಬ್ಬನು ತಾನೇ ಆಗಿ ತೀರ್ಪು ಕೊಡುವುದರಲ್ಲಿ ದೋಷವಿದೆ.

ಇನ್ನೊಂದು ಮಾತು. ಕಾಣುವುದನ್ನೆಲ್ಲ ತಿದ್ದಿ ಕಾಣದ್ದನ್ನು ಬಿಟ್ಟೆನಲ್ಲ, ಆಗ ನನ್ನ ನಿಷ್ಠೆ ಯಾರಿಗೆ ಸಲ್ಲುತ್ತಿತ್ತು? ಎಂಜಿನ್ನಿಗಲ್ಲ, ನೋಡುವವರಿಗೆ, ಅವರ ಮೂಲಕ ನನಗೇ. ಯಾರೂ ನೋಡದ ಕಡೆ ಮಾಡುವ ಕೆಲಸ ನೋಡುವವರ ಕಡೆಗಿನ ಕೆಲಸಕ್ಕೆ ಒರೆಗಲ್ಲು. ನಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ, ಅಡಿಗೆಯ ಕೋಣೆಗಳಲ್ಲಿ ಈ ಒರೆಗಲ್ಲಿಗೆ ದಿನವೂ ಅವಕಾಶವಿದೆ. ನನಗೆ ಅದು ಸಿಕ್ಕಿದ್ದು ಹೆಬ್ಬೆರಳಿನಷ್ಟು ಅಗಲದ ಒಂದು ಕೋಣೆಯಲ್ಲಿ.

ಹೋದ ತಿಂಗಳು ಎಂಜಿನ್ನಿನ ಮಾಡು ಬಿಚ್ಚಿ ಸೀಸದ ತುಂಡನ್ನು ತೆಗೆದೆ. ಕಿಟಕಿಯ ಕಪ್ಪು ಬಣ್ಣವನ್ನು ಕೆರೆದೆ. ಎರಡು ಪೀಠಗಳನ್ನು ಮಾಡಲು ಮೂರು ಸಲ ಪ್ರಯತ್ನಿಸಿದೆ, ಸರಿಹೋಗಲಿಲ್ಲ. ಕಡೆಗೆ ನಾಲ್ಕು ದಿನ ಹಿಂದುಮುಂದು ನೋಡಿ, ಆ ಹುಡುಗನಿಗೆ ಫೋನು ಮಾಡಿ, ಅವನ ಪೀಠಗಳನ್ನು ಯಾವುದರಿಂದ ಮಾಡಿದ್ದನೆಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೆಂಕಿಪೊಟ್ಟಣದ ರಟ್ಟು ಸಾರ್. ಸ್ವಲ್ಪ ಒದ್ದೆ ಮಾಡಿ ಬಗ್ಗಿಸಬೇಕು" ಎಂದ. ಹಾಗೆಯೇ ಮಾಡಿದೆ, ಬಗ್ಗಿತು.

ಮೊದಲು ನನ್ನ ಎಂಜಿನ್ನು ಎಂಟು ಡಬ್ಬಿಗಳನ್ನು ಎಳೆಯುತ್ತಿತ್ತು. ತೂಕ ತೆಗೆದ ಮೇಲೆ ಐದನ್ನು ಮಾತ್ರ ಎಳೆಯುತ್ತದೆ. ಆರನೆಯದನ್ನು ಸೇರಿಸಿದರೆ ತಿರುವಿನಲ್ಲಿ ಚಕ್ರ ಜಾರುತ್ತದೆ. ಮಿಕ್ಕ ಮೂರು ಡಬ್ಬಿಗಳನ್ನು ಒರೆಸಿ ಕಪಾಟಿನಲ್ಲಿ ಇಟ್ಟಿದ್ದೇನೆ.