ದೂರುದಾರನಿಲ್ಲದ ಅಪರಾಧ

ಮನೆಯಲ್ಲಿ ಕಳ್ಳತನವಾದರೆ ಮನೆಯೊಡೆಯ ಠಾಣೆಗೆ ಹೋಗುತ್ತಾನೆ. ಕೊಲೆಯಾದರೆ ಸತ್ತವನ ಬಂಧುಗಳು ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾರೆ. ನ್ಯಾಯದ ಚಕ್ರ ಉರುಳತೊಡಗುವುದೇ ಯಾರಾದರೂ ಒಬ್ಬರು ‘ನನಗೆ ಅನ್ಯಾಯವಾಗಿದೆ’ ಎಂದು ಬಾಯಿಬಿಟ್ಟ ಮೇಲೆ. ಹಾಗಾದರೆ ಯಾರ ಸ್ವತ್ತೂ ಅಲ್ಲದ, ಮಾತೂ ಬಾರದ ಕಾಡುಪ್ರಾಣಿಯನ್ನು ಕಾನೂನು ಮೀರಿ ಕೊಂದಾಗ ಅನ್ಯಾಯವಾದದ್ದು ಯಾರಿಗೆ? ದೂರು ಕೊಡಬೇಕಾದವರು ಯಾರು?

ಈ ಪ್ರಶ್ನೆಯನ್ನು ಬ್ರಿಟನ್ನಿನ ಮುಂದಿಟ್ಟು ಕೇಳುವುದು ಉಚಿತ. ದನಕರುಗಳನ್ನು ಹಿಂಸಿಸಬಾರದೆಂದು ಅಲ್ಲಿನ ಸಂಸತ್ತು 1822ರಷ್ಟು ಹಿಂದೆಯೇ ಕಾನೂನು ಮಾಡಿತು. 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿದಯಾ ಸಂಘ ಹುಟ್ಟಿತು. ತಾವು ಪ್ರಾಣಿಪ್ರಿಯರೆಂದು ಬ್ರಿಟಿಷರು ಹೆಮ್ಮೆಪಡುವುದು ಆಧಾರವಿಲ್ಲದ ಮಾತಲ್ಲ. ಅದೇ ನಾಡಿನಲ್ಲಿ, 2020ರಲ್ಲಿ, ಸ್ಕಾಟ್ಲೆಂಡಿನ ಬ್ರಾನ್ ನದಿಯ ದಂಡೆಯಲ್ಲಿ ಸೀಸದ ತಗಡು ಸುತ್ತಿದ ಪುಟ್ಟ ಉಪಕರಣವೊಂದು ಸಿಕ್ಕಿತು. 2016ರಲ್ಲಿ ಕಾಣೆಯಾಗಿದ್ದ ಗೋಲ್ಡನ್ ಈಗಲ್ ಜಾತಿಯ ಹದ್ದೊಂದರ ಬೆನ್ನಿಗೆ ವಿಜ್ಞಾನಿಗಳು ಕಟ್ಟಿದ್ದ ಉಪಗ್ರಹ ಟ್ಯಾಗ್ ಅದು. ಯಾರೋ ಅದರ ಪಟ್ಟಿಯನ್ನು ಕತ್ತರಿಸಿ, ಸಂಕೇತ ಹೊರಹೋಗದಂತೆ ಸೀಸದಲ್ಲಿ ಸುತ್ತಿ ಬಿಸಾಡಿದ್ದರು. ಇದು ಒಂಟಿ ಘಟನೆಯೂ ಅಲ್ಲ. ಸ್ಕಾಟ್ಲೆಂಡ್ ಸರ್ಕಾರದ ಕೋರಿಕೆಯ ಮೇರೆಗೆ ನಡೆದ ಪರಿಶೀಲನೆ 2017ರಲ್ಲಿ ಹೇಳಿದ ಪ್ರಕಾರ, ಟ್ಯಾಗ್ ಕಟ್ಟಿದ್ದ 131 ಹದ್ದುಗಳಲ್ಲಿ 41 ಅನುಮಾನಾಸ್ಪದವಾಗಿ ಕಾಣೆಯಾಗಿದ್ದವು.

ಬ್ರಿಟನ್ನಿನ ಧರ್ಮಪ್ರಜ್ಞೆ ಬಹುದೂರ ನಡೆದು ಬಂದಿದೆ, ಆದರೆ ಅದರ ಕಾನೂನಿನ ಕೈಕಾಲುಗಳು ಇನ್ನೂ ಹೊರಟಲ್ಲೇ ಇವೆ. ಈ ಮಾತನ್ನು ವಿವರಿಸಬೇಕಾದರೆ ಆ ನಡಿಗೆಯ ಮೂರು ಹೆಜ್ಜೆಗಳನ್ನು ನೋಡಬೇಕು.

ಮೊದಲ ಹೆಜ್ಜೆಯಲ್ಲಿ ಕಾನೂನು ಕಾಪಾಡಿದ್ದು ಪ್ರಾಣಿಯನ್ನಲ್ಲ, ಬೇಟೆಯಾಡುವ ಹಕ್ಕನ್ನು. ನಾರ್ಮನ್ ದೊರೆಗಳು ಅರಣ್ಯಗಳನ್ನು ತಮ್ಮ ಬೇಟೆಗೆಂದು ಮೀಸಲಿಟ್ಟರು. ಜಿಂಕೆಗಾಗಿ ಯಾರ ಪ್ರಾಣವನ್ನೂ ಅಂಗವನ್ನೂ ತೆಗೆಯಕೂಡದೆಂದು 1217ರ ಅರಣ್ಯ ಸನ್ನದು ಹೇಳಬೇಕಾಯಿತೆಂದರೆ, ಅದಕ್ಕೆ ಮೊದಲು ಏನು ನಡೆಯುತ್ತಿತ್ತೆಂದು ಊಹಿಸಬಹುದು. 1671ರ ಕಾಯ್ದೆಯ ಪ್ರಕಾರ ವರ್ಷಕ್ಕೆ ನೂರು ಪೌಂಡ್ ಹುಟ್ಟುವಳಿಯ ಜಮೀನಿಲ್ಲದ ರೈತ ತನ್ನದೇ ಹೊಲದ ಮೊಲವನ್ನೂ ಹಿಡಿಯುವಂತಿರಲಿಲ್ಲ. 1723ರಲ್ಲಿ ಬಂದ ‘ಬ್ಲ್ಯಾಕ್ ಆಕ್ಟ್’ ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಕದಿಯುವವನಿಗೆ ಗಲ್ಲು ಎಂದಿತು. ಇಲ್ಲೆಲ್ಲ ದೂರುದಾರ ಯಾರೆಂಬ ಅನುಮಾನವೇ ಇಲ್ಲ. ಒಡೆಯನಿಗೆ ಸಲ್ಲಬೇಕಾದದ್ದನ್ನು ಬಡವ ತಿಂದ, ಅದೇ ಅಪರಾಧ.

ಎರಡನೆಯ ಹೆಜ್ಜೆಯಲ್ಲಿ ಕಾನೂನು ಮನುಷ್ಯನ ನಡತೆಯನ್ನು ನೋಡಿತು. ಪ್ರಾಣಿಗೆ ಕ್ರೂರವಾಗುವವನು ನಾಳೆ ಮನುಷ್ಯನಿಗೂ ಕ್ರೂರವಾಗುತ್ತಾನೆ ಎಂಬುದು ಇದರ ಹಿಂದಿನ ತರ್ಕ. ನಾಯಿಯನ್ನು ಪೀಡಿಸುವ ಹುಡುಗ ಕೊನೆಗೆ ಕೊಲೆಗಾರನಾಗುವುದನ್ನು ವಿಲಿಯಂ ಹೋಗಾರ್ತ್ 1751ರ ಚಿತ್ರಮಾಲೆಯಲ್ಲಿ ತೋರಿಸಿದ. ತತ್ವಜ್ಞಾನಿ ಕಾಂಟ್ ಕೂಡ ಪ್ರಾಣಿಗಳ ಕುರಿತ ನಮ್ಮ ಕರ್ತವ್ಯ ನಿಜದಲ್ಲಿ ಮನುಷ್ಯರ ಕುರಿತ ಕರ್ತವ್ಯವೇ ಎಂದು ಕಲಿಸಿದ. ಆದರೆ ಈ ಕಾಳಜಿ ಬಿದ್ದದ್ದು ಬಡವರ ಮೋಜಿನ ಮೇಲೆ. 1835ರ ಕಾಯ್ದೆ ಗೂಳಿ, ಕರಡಿ, ಬಿಲದಲ್ಲಿ ಬಾಳುವ ಬ್ಯಾಡ್ಜರ್‌ಗಳ ಮೇಲೆ ನಾಯಿ ಛೂಬಿಡುವ ಆಟಗಳನ್ನೂ ಕೋಳಿಅಂಕವನ್ನೂ ನಿಷೇಧಿಸಿತು. ಕುದುರೆಯೇರಿ, ನಾಯಿಗಳ ಹಿಂಡು ಬಿಟ್ಟು ನರಿಯನ್ನು ಅಟ್ಟುತ್ತಿದ್ದ ಶ್ರೀಮಂತರ ತಂಟೆಗೆ ಹೋಗಲಿಲ್ಲ. ದುರ್ನಡತೆ ತಿದ್ದಲು ಹೊರಟ ಸಂಘಗಳು ವರ್ಷಕ್ಕೆ ಐನೂರು ಪೌಂಡಿಗಿಂತ ಕಡಿಮೆ ವರಮಾನದವರ ದುರ್ನಡತೆಯನ್ನಷ್ಟೇ ತಿದ್ದುತ್ತವೆ ಎಂದು ಲೇಖಕ ಸಿಡ್ನಿ ಸ್ಮಿತ್ 1809ರಲ್ಲೇ ಚುಚ್ಚಿದ್ದ. ಗೂಳಿಯ ಆಟ ನಿಂತ ಮೇಲೆ ನರಿಬೇಟೆ ನಿಷೇಧವಾಗಲು ಇಂಗ್ಲೆಂಡಿಗೆ ಇನ್ನೂ 170 ವರ್ಷ ಹಿಡಿಯಿತು.

ಮೂರನೆಯ ಹೆಜ್ಜೆ ನಿಜವಾದ ನೈತಿಕ ಕ್ರಾಂತಿ. ಪ್ರಾಣಿಗೆ ಆಗುವ ಅನ್ಯಾಯ ಪ್ರಾಣಿಗೇ ಆಗುವ ಅನ್ಯಾಯ, ಅದಕ್ಕೆ ಬೇರೆ ಕಾರಣ ಬೇಕಿಲ್ಲ ಎಂಬ ತಿಳಿವು ಅದು. ಪ್ರಾಣಿ ಮಾತಾಡಬಲ್ಲುದೇ ಎಂದಲ್ಲ, ನೋಯಬಲ್ಲುದೇ ಎಂದು ಕೇಳಿ ಎಂದು ಜೆರೆಮಿ ಬೆಂಥಮ್ 1789ರಲ್ಲಿ ಪ್ರಶ್ನೆಯ ದಿಕ್ಕನ್ನೇ ಬದಲಿಸಿದ. ನೂರು ವರ್ಷದ ಬಳಿಕ ಹೆನ್ರಿ ಸಾಲ್ಟ್ 1892ರಲ್ಲಿ ಪ್ರಾಣಿಗಳ ಹಕ್ಕಿನ ಬಗ್ಗೆ ಪುಸ್ತಕ ಬರೆದರು. ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಸಸ್ಯಾಹಾರವನ್ನು ಮನಸಾರೆ ಒಪ್ಪಿಕೊಂಡದ್ದು ಇದೇ ಸಾಲ್ಟ್ ಅವರ ಕಿರುಪುಸ್ತಕ ಓದಿದ ಮೇಲೆ. ಸಾಲ್ಟ್ ಕಟ್ಟಿದ ಸಂಘದ ಒತ್ತಾಯ ಫಲಿಸಿ, ಅರಮನೆಯ ಜಿಂಕೆಬೇಟೆಯ ನಾಯಿಪಡೆ 1901ರಲ್ಲಿ ರದ್ದಾಯಿತು. 1924ರಲ್ಲಿ ‘ಲೀಗ್ ಅಗೇನ್ಸ್ಟ್ ಕ್ರೂಯಲ್ ಸ್ಪೋರ್ಟ್ಸ್’ ಹುಟ್ಟಿತು. 1973ರಲ್ಲಿ ಬ್ಯಾಡ್ಜರ್‌ಗೆ, 1981ರ ಕಾಯ್ದೆಯಲ್ಲಿ ಕಾಡಿನ ಹಲವು ಜೀವಿಗಳಿಗೆ ರಕ್ಷಣೆ ಸಿಕ್ಕಿತು. 2004ರಲ್ಲಿ, ಮೇಲ್ಮನೆಯ ವಿರೋಧವನ್ನು ಬದಿಗೊತ್ತಿ, ಸಂಸತ್ತು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬೇಟೆ ನಿಷೇಧ ಕಾಯ್ದೆಯನ್ನು ತಂದಿತು.

ಕಾಯ್ದೆಯ ಆಶಯ ಮೂರನೆಯ ಹೆಜ್ಜೆಗೆ ಬಂತು. ಅದರ ಶಿಕ್ಷೆ, ಸಾಕ್ಷ್ಯ, ಪ್ರವೇಶದ ನಿಯಮಗಳು ಮಾತ್ರ ಮೊದಲ ಹೆಜ್ಜೆಯಲ್ಲೇ ಉಳಿದವು. ಇಂಗ್ಲೆಂಡಿನಲ್ಲಿ ಒಬ್ಬನ ಕುರಿಮರಿ ಕದ್ದರೆ ಕಳ್ಳತನದ ಕಾಯ್ದೆಯಡಿ ಏಳು ವರ್ಷದವರೆಗೂ ಜೈಲು ವಿಧಿಸಬಹುದು. 2004ರ ಕಾಯ್ದೆ ಮುರಿದು ನರಿಯನ್ನು ನಾಯಿಗಳಿಂದ ಸಿಗಿಸಿದರೆ ಜೈಲೇ ಇಲ್ಲ, ದಂಡ ಮಾತ್ರ. ಮೊಲದ ವಿಷಯ ಇನ್ನೂ ಕಣ್ಣು ತೆರೆಸುವಂಥದ್ದು. ನಾಯಿಗಳನ್ನು ಬಿಟ್ಟು ಮೊಲ ಹಿಡಿಸುವ ಪಂದ್ಯಕ್ಕೆ ಅದೇ ಕಾಯ್ದೆಯಡಿ ಬರೀ ದಂಡ. ಆದರೆ ಇಂಥ ಜೂಜುಕೋರರು ರೈತರ ಬೆಳೆ ತುಳಿದು, ಬೆದರಿಸಿ ಹೋಗುತ್ತಿದ್ದರು. ರೈತರು ದೂರಿದರು, ಭೂಮಾಲೀಕರು ದನಿಗೂಡಿಸಿದರು, 2022ರಲ್ಲಿ ಹೊಸ ಕಾನೂನು ಬಂದು ಆರು ತಿಂಗಳವರೆಗಿನ ಜೈಲನ್ನು ತಂದಿತು. ಆ ಹೊಸ ಅಪರಾಧದ ತಿರುಳು ಮೊಲವನ್ನು ಕೊಲ್ಲುವುದಲ್ಲ. ಮೊಲವನ್ನು ಅಟ್ಟುವ ಉದ್ದೇಶದಿಂದ ಇನ್ನೊಬ್ಬರ ಜಮೀನಿಗೆ ನುಗ್ಗುವುದು. ರೈತನ ಸಂಕಟ ನಿಜವಾದದ್ದೇ, ಆ ಕಾನೂನು ಬೇಕಾದದ್ದೇ. ಆದರೆ ದೂರುದಾರ ಸಿಕ್ಕ ಕಡೆ ಕಾನೂನಿಗೆ ಎಷ್ಟು ಬೇಗ ಹಲ್ಲು ಮೂಡುತ್ತದೆಂಬುದನ್ನು ಅದು ಸಾಬೀತು ಮಾಡಿತು.

ದೂರುದಾರ ಇಲ್ಲದ ಕಡೆ ಏನಾಗುತ್ತದೆಂದು ನರಿಯ ಪ್ರಕರಣ ತೋರಿಸುತ್ತದೆ. 2005ರ ಫೆಬ್ರವರಿ 18ರಂದು ನಿಷೇಧ ಜಾರಿಗೆ ಬಂದರೂ ಬೇಟೆ ತಂಡಗಳು ವಿಸರ್ಜನೆಯಾಗಲಿಲ್ಲ. ‘ಟ್ರೇಲ್ ಹಂಟಿಂಗ್’ ಎಂಬ ಹೊಸ ರೂಪ ತಾಳಿದವು. ನರಿಯ ವಾಸನೆಯುಳ್ಳ ಬಟ್ಟೆಯನ್ನು ನೆಲದ ಮೇಲೆ ಎಳೆದು ದಾರಿ ಹಾಕುವುದು, ನಾಯಿಗಳು ಅದರ ಬೆನ್ನು ಹತ್ತುವುದು. ದಾರಿಯಲ್ಲಿ ಜೀವಂತ ನರಿ ಸಿಕ್ಕಿ ನಾಯಿಗಳು ಅದನ್ನು ಕೊಂದರೆ ಅದು ಆಕಸ್ಮಿಕ ಎಂಬ ಸಮಜಾಯಿಷಿ. ಕಾಯ್ದೆ ಉದ್ದೇಶದ ಪುರಾವೆ ಕೇಳುತ್ತದೆ; ನರಿಗಾಗಿ ಹುಡುಕಾಡಿದ ಮಾತ್ರಕ್ಕೆ ಅದು ಬೇಟೆಯಲ್ಲ ಎಂದು ಹೈಕೋರ್ಟು 2009ರಲ್ಲಿ ಹೇಳಿತು. ಬೇಟೆಯ ಹಿರಿಯರು ಆನ್‌ಲೈನ್ ಸಭೆಗಳಲ್ಲಿ ಆಡಿದ ಮಾತು 2020ರಲ್ಲಿ ಬಯಲಾಗಿ, ಅವರಲ್ಲೊಬ್ಬರನ್ನು ಕೆಳ ನ್ಯಾಯಾಲಯ ತಪ್ಪಿತಸ್ಥರೆಂದಿತು. 2022ರ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಆರೋಪಿಗೆ ಸಂದೇಹದ ಲಾಭ ಸಿಗಬೇಕಾದದ್ದು ನ್ಯಾಯ. ಆದರೆ ಸಾವಿನ ಮೇಲೆ ಸಾವು ‘ಆಕಸ್ಮಿಕ’ ಎನಿಸಿಕೊಳ್ಳಲು ಬಿಡುವ ಕಾಯ್ದೆಯ ರಚನೆಯಲ್ಲೇ ದೋಷವಿದೆ.

ಹಕ್ಕಿಗಳ ಕಥೆಯೂ ಇದೇ. ಹೆದರ್ ಗಿಡ ಹಬ್ಬಿದ ಉತ್ತರದ ಗುಡ್ಡಗಾಡುಗಳಲ್ಲಿ, ಆಗಸ್ಟ್ 12ರಿಂದ, ಗ್ರೌಸ್ ಎಂಬ ಕೋಳಿಜಾತಿಯ ಹಕ್ಕಿಯನ್ನು ಹಣ ತೆತ್ತು ಗುಂಡಿಕ್ಕುವ ಋತು ಶುರುವಾಗುತ್ತದೆ. ಹೆನ್ ಹ್ಯಾರಿಯರ್ ಎಂಬ ಗಿಡುಗ ಗ್ರೌಸ್ ಮರಿಗಳನ್ನು ತಿನ್ನುತ್ತದೆ. ಅದರಿಂದ ಬೇಟೆಗೆ ಸಿಗುವ ಹಕ್ಕಿಗಳು ಕಡಿಮೆಯಾಗುವುದು ನಿಜ ಎಂದು ಸ್ಕಾಟ್ಲೆಂಡಿನ ಲ್ಯಾಂಗ್‌ಹೋಮ್‌ನಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವೂ ಒಪ್ಪಿತು. ಈ ಬೇಟೆ ನಡೆಸುವ ಎಸ್ಟೇಟುಗಳ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಕಂಡುಕೊಂಡ ದಾರಿ? 2007ರಿಂದ 2017ರವರೆಗೆ ಟ್ಯಾಗ್ ಕಟ್ಟಿದ 58 ಹ್ಯಾರಿಯರ್‌ಗಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ಅವುಗಳಲ್ಲಿ ಶೇ. 72ರಷ್ಟು ಅಕ್ರಮವಾಗಿ ಕೊಲ್ಲಲ್ಪಟ್ಟದ್ದು ಖಚಿತ ಅಥವಾ ಬಹುಮಟ್ಟಿಗೆ ಖಚಿತ. 2013ರಲ್ಲಿ ಸ್ಕಾಟ್ಲೆಂಡಿನ ಕ್ಯಾಬ್ರಾಕ್‌ನಲ್ಲಿ ಹ್ಯಾರಿಯರ್ ಒಂದಕ್ಕೆ ಗುಂಡು ಹೊಡೆದ ದೃಶ್ಯ ಪಕ್ಷಿ ಸಂರಕ್ಷಕರ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಮಾಲೀಕರ ಅನುಮತಿಯಿಲ್ಲದೆ ಇಟ್ಟ ಕ್ಯಾಮೆರಾದ ದೃಶ್ಯ ಸಾಕ್ಷ್ಯವಾಗದೆಂದು 2017ರಲ್ಲಿ ಮೊಕದ್ದಮೆಯನ್ನೇ ಕೈಬಿಡಲಾಯಿತು. ಕೊಲ್ಲಲ್ಪಟ್ಟ ಹಕ್ಕಿ ಯಾರ ಸ್ವತ್ತೂ ಅಲ್ಲ, ಅದು ಸತ್ತ ನೆಲ ಮಾತ್ರ ಒಬ್ಬರ ಸ್ವತ್ತು. ಈ ಎರಡು ಸಂಗತಿ ಕೂಡಿದಲ್ಲಿ ನ್ಯಾಯ ಕುರುಡಾಗುತ್ತದೆ.

ಹೋರಾಟಗಾರರ ಅಗತ್ಯ ಬರುವುದು ಇಲ್ಲಿ. ನಾಯಿಗಳ ಹಿಂಡಿನ ಹಿಂದೆ ಕ್ಯಾಮೆರಾ ಹಿಡಿದು ಕೆಸರಿನಲ್ಲಿ ಓಡುವವರು, ಬ್ಯಾಡ್ಜರ್ ಬಿಲಗಳಿಗೆ ಕಾವಲಿರುವವರು, ವಿಷ ತಿಂದ ಹದ್ದಿನ ದೇಹವನ್ನು ಪ್ರಯೋಗಾಲಯಕ್ಕೆ ತಲುಪಿಸುವವರು, ಗ್ರೌಸ್ ಬೇಟೆಯ ನಿಷೇಧ ಕೋರಿದ ಮಾರ್ಕ್ ಏವರಿಯವರ ಮನವಿಗೆ 2016ರಲ್ಲಿ ಸಹಿ ಹಾಕಿ ವಿಷಯವನ್ನು ಸಂಸತ್ತಿಗೆ ಒಯ್ದ 1,23,000ಕ್ಕೂ ಹೆಚ್ಚು ಜನ, ಇವರೆಲ್ಲ ಸೇರಿ ಆ ಖಾಲಿ ಬಿದ್ದ ದೂರುದಾರನ ಜಾಗವನ್ನು ತುಂಬುತ್ತಿದ್ದಾರೆ. ಇದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. 1991 ಮತ್ತು 1993ರಲ್ಲಿ ಇಬ್ಬರು ಎಳೆಯ ಕಾರ್ಯಕರ್ತರು ಬೇಟೆ ತಂಡದ ವಾಹನಗಳಿಗೆ ಸಿಲುಕಿ ಸತ್ತರು.

ಇವರ ವಿರುದ್ಧ ಕೇಳಿಬರುವ ವಾದಗಳನ್ನು ಹಗುರಾಗಿ ತಳ್ಳಿಹಾಕಬಾರದು. ಬೇಟೆ ಹಳ್ಳಿಯ ಪರಂಪರೆ, ಪೇಟೆಯವರು ಅದನ್ನು ಕಸಿಯುತ್ತಿದ್ದಾರೆ ಎಂಬುದು ಮೊದಲನೆಯದು. 2002ರಲ್ಲಿ ಸುಮಾರು ನಾಲ್ಕು ಲಕ್ಷ ಜನ ಲಂಡನ್ನಿನ ಬೀದಿಗಿಳಿದದ್ದು ಈ ನೋವಿನಿಂದಲೂ ಹೌದು. ತತ್ವಜ್ಞಾನಿ ರೋಜರ್ ಸ್ಕ್ರೂಟನ್ ಬೇಟೆಯ ಪರವಾಗಿ ಪುಸ್ತಕವನ್ನೇ ಬರೆದರು. ಆದರೆ ಪರಂಪರೆಯಲ್ಲಿ ಬೆಲೆಯುಳ್ಳದ್ದು ಯಾವುದು? ಕುದುರೆ, ನಾಯಿ, ಚಳಿಗಾಲದ ಬೆಳಗು, ನೆರೆಹೊರೆಯ ಒಡನಾಟ. ಪ್ರಾಣಿಯ ವಾಸನೆಯೇ ಅಲ್ಲದ ಜಾಡಿನ ಮೇಲೆ ನಾಯಿ ಓಡಿಸುವ ‘ಡ್ರ್ಯಾಗ್ ಹಂಟಿಂಗ್’ ಅಲ್ಲಿ 19ನೆಯ ಶತಮಾನದಿಂದಲೂ ಇದೆ, ಅದರಲ್ಲಿ ಇವೆಲ್ಲವೂ ಸಿಗುತ್ತವೆ. ಅದರಲ್ಲಿ ಸಿಗದಿರುವುದು ನರಿಯ ಸಾವೊಂದೇ. ಅದಿಲ್ಲದೆ ಪರಂಪರೆ ಉಳಿಯದು ಎನ್ನುವವರು ತಮ್ಮ ಪರಂಪರೆಯ ಬಗ್ಗೆ ತಾವೇ ಕಠೋರ ತೀರ್ಪು ಕೊಡುತ್ತಿದ್ದಾರೆ.

ನರಿ ಕುರಿಮರಿ ಹಿಡಿಯುತ್ತದೆ ಎಂಬುದು ಎರಡನೆಯ ವಾದ. ಹೌದು, ಹಿಡಿಯುತ್ತದೆ. ನಷ್ಟ ಅನುಭವಿಸುವ ರೈತ ಇಂದಿಗೂ ನರಿಗೆ ಗುಂಡು ಹೊಡೆಯಬಹುದು, ಎರಡು ನಾಯಿಗಳ ನೆರವಿನಿಂದ ಅದನ್ನು ಪೊದೆಯಿಂದ ಎಬ್ಬಿಸಲೂಬಹುದು. ಕಾಯ್ದೆ ತಡೆದದ್ದು ಅಟ್ಟಿ ಅಟ್ಟಿ ಕೊಲ್ಲುವ ವಿನೋದವನ್ನು. ಸರ್ಕಾರ ನೇಮಿಸಿದ ಬರ್ನ್ಸ್ ಸಮಿತಿ 2000ರಲ್ಲಿ ವರದಿ ಕೊಟ್ಟಾಗ, ಈ ಬೇಟೆ ನರಿಯ ಕ್ಷೇಮಕ್ಕೆ ಗಂಭೀರ ಧಕ್ಕೆ ತರುತ್ತದೆ ಎಂದಿತು. ಕೆಲವು ಬೆಟ್ಟದ ಸೀಮೆಗಳನ್ನು ಬಿಟ್ಟರೆ ನರಿಗಳ ಸಂಖ್ಯೆ ತಗ್ಗಿಸುವುದರಲ್ಲಿ ಅದರ ಪಾಲು ಅಲ್ಪವೆಂದೂ ಹೇಳಿತು.

ಕೋಳಿಫಾರಂಗಳಲ್ಲಿ ಕೋಟಿಗಟ್ಟಲೆ ಜೀವಿಗಳು ನರಳುವಾಗ ಒಂದು ನರಿಯ ಮೇಲೇಕೆ ಇಷ್ಟು ಮರುಕ ಎಂಬುದು ಮೂರನೆಯ, ಎಲ್ಲಕ್ಕಿಂತ ಗಟ್ಟಿಯಾದ ವಾದ. ಅದರಲ್ಲಿರುವ ಸತ್ಯವನ್ನು ಒಪ್ಪಲೇಬೇಕು. ಆದರೆ ಒಂದು ಕ್ರೌರ್ಯ ಉಳಿದಿದೆ ಎಂಬುದು ಇನ್ನೊಂದನ್ನು ಉಳಿಸಿಕೊಳ್ಳಲು ಪರವಾನಗಿಯಾಗದು. ಆ ವಾದವನ್ನು ಪ್ರಾಮಾಣಿಕವಾಗಿ ಮಾಡುವವನು ಫಾರಂ ಕೋಳಿಯ ಪರವಾಗಿಯೂ ಹೋರಾಡಲು ಹೊರಡಬೇಕೇ ಹೊರತು ನರಿಯನ್ನು ನಾಯಿಗಳ ಬಾಯಿಗೆ ಬಿಡುವಂತಿಲ್ಲ.

ನನಗೆ ಹೋರಾಟಗಾರರೊಡನೆ ಒಂದು ಮಾತಿನಲ್ಲಿ ಭಿನ್ನಾಭಿಪ್ರಾಯವಿದೆ. ‘ಹಂಟ್ ಸ್ಯಾಬೊಟರ್ಸ್’ ಸಂಘ 1963ರಲ್ಲಿ ಹುಟ್ಟಿದಾಗ ಬೇಟೆ ಕಾನೂನುಸಮ್ಮತವಾಗಿತ್ತು, ಅದಕ್ಕೆ ಅಡ್ಡ ನಿಲ್ಲುವುದೊಂದೇ ದಾರಿಯಾಗಿತ್ತು. ಈಗ ಕಾನೂನು ಅವರ ಕಡೆಗಿದೆ. ಹಾಗಿರುವಾಗ ಮುಖ ಮುಚ್ಚಿಕೊಂಡು ಜಗಳಕ್ಕಿಳಿಯುವುದಕ್ಕಿಂತ ಮುಖ ತೋರಿಸಿ ಸಾಕ್ಷಿಯಾಗುವುದೇ ಹೆಚ್ಚು ಬಲವಾದ ನಡೆ. ಶಿಕ್ಷಿಸುವ ಅಧಿಕಾರ ನಾಗರಿಕನದಲ್ಲ. ಕಂಡದ್ದನ್ನು ಹೇಳುವ ಹೊಣೆ ಮಾತ್ರ ಪೂರ್ತಿ ಅವನದೇ.

ಕಾಯ್ದೆಯ ಕೈಕಾಲು ಆಶಯದ ಬಳಿಗೆ ಬರಬೇಕಾದರೆ ಏನಾಗಬೇಕೆಂಬುದು ಸ್ಪಷ್ಟ. ಸ್ಕಾಟ್ಲೆಂಡ್ ದಾರಿ ತೋರಿಸಿದೆ. ಎಸ್ಟೇಟಿನ ಕಾವಲುಗಾರ ಹದ್ದನ್ನು ಕೊಂದರೆ ಒಡೆಯನೂ ಹೊಣೆಯಾಗಬೇಕೆಂಬ ನಿಯಮ ಅಲ್ಲಿ 2012ರಿಂದ ಇದೆ. ಟ್ರೇಲ್ ಹಂಟಿಂಗ್ 2023ರಲ್ಲಿ ನಿಷೇಧವಾಯಿತು, ಗ್ರೌಸ್ ಬೇಟೆಗೆ ಪರವಾನಗಿ ಕಡ್ಡಾಯಗೊಳಿಸುವ ಕಾಯ್ದೆ 2024ರಲ್ಲಿ ಬಂತು. ಇಂಗ್ಲೆಂಡ್ ಇವುಗಳನ್ನು ತನ್ನದಾಗಿಸಿಕೊಳ್ಳಬೇಕು. ಟ್ರೇಲ್ ಹಂಟಿಂಗ್ ನಿಲ್ಲಿಸುತ್ತೇವೆಂದು ಲೇಬರ್ ಪಕ್ಷ 2024ರ ಪ್ರಣಾಳಿಕೆಯಲ್ಲಿ ಕೊಟ್ಟ ಮಾತನ್ನು ಲೋಪವಿಲ್ಲದ ಕಾನೂನಾಗಿಸಬೇಕು.

ಕೆಲಸಕ್ಕೋ ಓದಿಗೋ ಹೋಗಿ ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ಸಾವಿರಾರು. ರಜೆಯ ದಿನ ಅಲ್ಲಿನ ಗುಡ್ಡಗಳಲ್ಲಿ ನಡೆದಾಡುವವರೂ ಬಹಳ. ಅವರಲ್ಲಿ ನನ್ನದೊಂದು ಬಿನ್ನಹ. ಸತ್ತ ಹದ್ದು, ಗಿಡುಗ ಕಂಡರೆ ಮುಟ್ಟಬೇಡಿ, ಅದನ್ನು ಕೊಂದ ವಿಷ ನಿಮ್ಮನ್ನೂ ಕೊಲ್ಲಬಲ್ಲದು. ಫೋಟೊ ತೆಗೆಯಿರಿ, ಜಾಗವನ್ನು ಗುರುತು ಹಾಕಿಕೊಳ್ಳಿ, 101ಕ್ಕೆ ಕರೆ ಮಾಡಿ ಪೊಲೀಸರಿಗೆ ತಿಳಿಸಿ. ಅಪರಾಧ ಕಣ್ಣೆದುರೇ ನಡೆಯುತ್ತಿದ್ದರೆ 999. ಕರೆ ಮುಗಿಸುವ ಮೊದಲು ದೂರಿನ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ.